ಆರನೆಯ ವಾರ

ಎರಡು ವಾರದ ಕೂಸನ್ನು ತಂದು ಮಲಗಿಸಿ
‘ಈಗಲೇ ನೋಡಿಬಿಡಿ’ ಅಂದಳು ಕರ್ಸ್ಟಿ.
ಹೊಟ್ಟೆಯಲ್ಲಿ ತಲೆ ಮೇಲೆ ಮಾಡಿ ಕೂತಿದ್ದ ಮಗು
ಅವಳ ನಿದ್ದೆಯನ್ನೆಲ್ಲ ತಲೆಕೆಳಗು ಮಾಡಿತ್ತು.

ಈಗ ಬೇಡ ತಾಯಿ. ಈಗ ಎಲ್ಲವೂ ಮೆತ್ತಗೆ,
ನಿನ್ನ ಮೈಯ ರಸ ಅವನ ಕೀಲಲ್ಲಿ ಇನ್ನೂ ಆರಿಲ್ಲ.
ಇವತ್ತು ನೋಡಿದರೆ ಇಲ್ಲದ ಊನ ಕಾಣುತ್ತದೆ,
ತಾನೇ ಸರಿಹೋಗುವ ಕಾಲಿಗೆ ಪಟ್ಟಿ ಕಟ್ಟಿಬಿಡುತ್ತೇವೆ.
ಎಸರು ಮರಳುವ ಮೊದಲೇ ಮುಚ್ಚಳ ತೆಗೆದು
ಅನ್ನ ಬೆಂದಿಲ್ಲ ಎಂದು ಅಳಬಾರದು.
ಆರನೆಯ ವಾರಕ್ಕೆ ಬಾ.

ಹೀಗೆ ಹೇಳಿ ಕಳಿಸುವುದೇ ನನ್ನ ಅರ್ಧ ಕೆಲಸ,
ಹಲ್ ಎಂಬ ಈ ಊರಿನ ಕಿಟಕಿಯಿಲ್ಲದ ಕೋಣೆಯಲ್ಲಿ,
ಬುಧವಾರ ಬುಧವಾರ, ಹದಿನಾಲ್ಕು ವರ್ಷದಿಂದ.

ಜೆಲ್ಲಿನ ಬಾಟಲಿ ಬಿಸಿನೀರಲ್ಲಿ ಕೂತಿರುತ್ತದೆ.
ಕೂಸನ್ನು ಮಗ್ಗುಲಾಗಿಸಿದರೆ ಪರದೆಯ ತುಂಬ ಬೂದಿ,
ಬೂದಿಯಲ್ಲೊಂದು ಒರಳು, ಒರಳಲ್ಲೊಂದು ಗುಂಡು.
ಗುಂಡು ಕೂತಿದೆಯೇ, ಒರಳಿಗೆ ಆಳವಿದೆಯೇ,
ಇಷ್ಟೇ ಪ್ರಶ್ನೆ.
ಒಂದು ಗೆರೆ, ಅದಕ್ಕೆ ಓರೆಯಾಗಿ ಇನ್ನೊಂದು ಗೆರೆ,
ನಡುವಿನ ಕೋನ ಅರವತ್ತು ಮುಟ್ಟಿದರೆ
ಅಮ್ಮಂದಿರ ಭುಜ ಎರಡಂಗುಲ ಕೆಳಗಿಳಿಯುತ್ತದೆ.

ಕಾಲ ಎಂದು ಬರೆದು ಒಂದು ಕೊಂಬು ಕೊಟ್ಟರೆ ಕಾಲು.
ಸಾಲಿಯಲ್ಲಿ ಆ ಕೊಂಬು ಮರೆತು ಮರೆತು
ಪೆಟ್ಟು ತಿಂದವಳು ನಾನು.

ಹತ್ತೂವರೆಗೆ ಮಿಲೆನಾ. ಹನ್ನೊಂದು ವಾರ, ಎರಡು ದಿನ.
ಅಮ್ಮ ಇವೊನಾ ಗೋಡೆಗೆ ಅಂಟಿ ನಿಂತಿದ್ದಳು.
ಮಾತೆಲ್ಲ ಅಜ್ಜಿ ಬೊಗುಮಿಲಾಳದು:
‘ನಮ್ಮ ಪೋಲೆಂಡಿನಲ್ಲಿ ಹುಟ್ಟಿದವಕ್ಕೆಲ್ಲ ನೋಡುತ್ತಾರೆ,
ನೀವ್ಯಾಕೆ ಅವರೆಕಾಳಿನ ಹಾಗೆ ಆರಿಸುತ್ತೀರಿ?’
(ಅವರೆಕಾಳು ನನ್ನದು. ಅವಳು ಹೇಳಿದ್ದು ಬೇರೆ ಯಾವುದೋ ಕಾಳು.)

ಆರಿಸಿದ್ದೆವು, ಅಜ್ಜಿ. ಇವಳೂ ಒಳಗೆ ಕೂತೇ ಇದ್ದವಳು,
ಪಟ್ಟಿಯಲ್ಲಿ ಹೆಸರಿತ್ತು, ಐದನೆಯ ವಾರಕ್ಕೇ ಪತ್ರ ಹೋಗಿತ್ತು,
ನೀವು ಬಿಟ್ಟುಬಂದ ಮನೆಗೆ.
ಅಲ್ಲಿ ಬೀಗ ಹಾಕಿದ ಬಾಗಿಲ ಹಿಂದೆ
ಪಿಜ್ಜಾ ಅಂಗಡಿಯ ಚೀಟಿಗಳ ಕೆಳಗೆ
ಅದು ಮಲಗಿತ್ತು.

ಎಡಗಡೆಯ ಗುಂಡು ಒರಳಿನ ಅಂಚಿಗೆ ಒರಗಿತ್ತು,
ಒಳಗೆ ಬರಲೋ ಹೊರಡಲೋ ಎಂದು
ಹೊಸ್ತಿಲಲ್ಲಿ ಚಪ್ಪಲಿ ಬಿಡದೆ ನಿಂತ ನೆಂಟನಂತೆ.
ನಲವತ್ತೇಳು.
ನಿಲ್ಲಿಸುವ ಗುಂಡಿ ಒತ್ತಿದೆ. ನಿಂತದ್ದು ಚಿತ್ರ ಮಾತ್ರ.

ನಮ್ಮ ಶಿವಗಂಗಿ ಚಿಗವ್ವನ ನಡಿಗೆಗೆ ಎರಡು ಸದ್ದಿದ್ದವು,
ಒಂದು ದೊಡ್ಡದು, ಒಂದು ಸಣ್ಣದು.
ಕುಂಟಿ ಎಂದು ಕರೆದ ಊರಿನಲ್ಲಿ ಒಬ್ಬರೂ
ತೊಟ್ಟಿಲ ದಿನಗಳಲ್ಲಿ ಅವಳ ಕಾಲು ಅಗಲಿಸಿ ನೋಡಿರಲಿಲ್ಲ.
ಎರಡು ವರ್ಷಕ್ಕೆ ಎದ್ದು ನಡೆದಾಗ
‘ನೋಡ್ರೇ, ಹಂಸದ ನಡಿಗೆ’ ಅಂತ ಮುದ್ದು ಮಾಡಿದ್ದರಂತೆ.
ಆ ಎತ್ತರದ ಸೊಂಟದ ಮೇಲೆ ಕಾಲಗಲಿಸಿ ಕೂತು
ನಾನು ಲೋಕ ನೋಡಿದ್ದು.
ಲೋಕವೇ ವಾಲುತ್ತದೆ ಎಂದುಕೊಂಡಿದ್ದೆ.
ನನ್ನ ಕೀಲು ಗಟ್ಟಿಯಾದದ್ದು ಅಲ್ಲಿ,
ಅವಳದರ ಮೇಲೆ.

‘ತಡವಾಯಿತೇ?’ ಇವೊನಾ ಮೊದಲ ಸಲ ಬಾಯಿಬಿಟ್ಟಳು.
ತಡವಾಗಿದೆ. ಮೀರಿಲ್ಲ.
ಕೆಳಗಿನ ಮಹಡಿಯಲ್ಲಿ ಡಾಕ್ಟರು ಇವತ್ತೇ ನೋಡುತ್ತಾರೆ,
ಮೆತ್ತನೆಯ ಪಟ್ಟಿಯಲ್ಲಿ ಕಪ್ಪೆಮರಿಯಂತೆ ಮಡಚಿ ಕೂರಿಸುತ್ತಾರೆ,
ಹಗಲೂ ರಾತ್ರಿ, ವಾರಗಟ್ಟಲೆ.
ಹಿಡಿಯಬಹುದು. ಹಿಡಿಯದಿದ್ದರೆ ಮುಂದಿನದು ಇನ್ನೊಂದಿದೆ,
ಅದನ್ನು ಇವತ್ತು ಹೇಳಲಿಲ್ಲ.
ಅಜ್ಜಿ ಮಗುವಿನ ಹಿಮ್ಮಡಿಗೆ ಅಂಟಿದ ಜೆಲ್ಲನ್ನು
ತನ್ನ ಸ್ಕಾರ್ಫಿನ ತುದಿಯಲ್ಲಿ ಒರೆಸಿದಳು.

ವರದಿಯಲ್ಲಿ ಕೋನಕ್ಕೆ ಜಾಗವಿದೆ,
ಎಡಕ್ಕೆ, ಬಲಕ್ಕೆ, ವಯಸ್ಸಿಗೆ, ನನ್ನ ಸಹಿಗೆ ಜಾಗವಿದೆ.
ಬೀಗದ ಹಿಂದಿನ ಪತ್ರಕ್ಕೆ ಕಾಲಮ್ಮಿಲ್ಲ.

ಊಟಕ್ಕೆ ಹೋಗುವ ಮೊದಲು ಫೋನು ಹಚ್ಚಿದೆ:
ಕರ್ಸ್ಟಿ, ಆಸ್ಪತ್ರೆಯಿಂದ. ಗಾಬರಿ ಬೇಡ, ಏನಿಲ್ಲ.
ಮುಂದಿನ ತಿಂಗಳೂ
ಇದೇ ಮನೆಯಲ್ಲಿ ಇರುತ್ತೀಯಲ್ಲ?