ಅಂಚಿನಲ್ಲಿ ಎರಡು ಬೆರಳು ಜಾಗ

ಅಪ್ಪಾ ಬಳವಂತ ಚೌಕದ ಹಿಂದಿನ ಗಲ್ಲಿಯಲ್ಲಿ
ಬೇರೆಯವರ ವರ್ಷಗಳನ್ನು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ.
ನಾನು ಕೊಂಡದ್ದು ಎರಡೂವರೆ ಕಿಲೋ,
ವೈಜಯಂತಿ ಢಮಾಲೆ ಎಂಬವಳದು.
ಆರು ವಹಿ. ಮೊದಲನೆಯದರ ಒಳರಟ್ಟಿನಲ್ಲಿ
ಹೆಸರಿನ ಕೆಳಗೆ, ಪೆನ್ಸಿಲಿನಲ್ಲಿ, ‘ತಹಶೀಲ್ದಾರ್’.
ಆರನೆಯದರಲ್ಲಿ ಬರೀ ಹೆಸರು.

ತಕ್ಕಡಿಯಿಂದ ಒಂದು ಹಾಳೆ ಕಳಚಿ ಬಿತ್ತು.
‘ಇದು ಫುಕಟ್’ ಎಂದ ಅಂಗಡಿಯವ.

ಸದಾಶಿವ ಪೇಠೆ, ಅಭ್ಯಾಸಿಕೆಯ ಮೂರನೇ ಮಹಡಿ.
ಫ್ಯಾನಿನ ಕೆಳಗಿನ ಕುರ್ಚಿಗೆ ತಿಂಗಳಿಗೆ ಇನ್ನೂರು ಹೆಚ್ಚು.
ನನ್ನದು ಗೋಡೆಯ ಬದಿ.
ಮೊದಲ ವರ್ಷ ನಾನು ಮಾಡಿದ್ದು ನೋಟ್ಸಲ್ಲ, ನಕಲು.
ಸಾಲು ಸಾಲಿಗೂ ಹಳದಿ ಬಳಿದೆ,
ಅರಿಷಿಣ ಹಚ್ಚಿದ ಹಾಗೆ;
ಪುಸ್ತಕವೇನೋ ಮದುಮಗಳಾಯಿತು,
ನಾನು ಹಂದರದ ಹೊರಗೆ
ಮಂದಿಯ ಚಪ್ಪಲಿ ಕಾಯುತ್ತಿದ್ದೆ.

ವೈಜಯಂತಿ ಹಾಗಲ್ಲ.
ಹಣಕಾಸು ಆಯೋಗಕ್ಕೆ
ಮೊದಲ ವಹಿಯಲ್ಲಿ ಹದಿನಾಲ್ಕು ಪುಟ,
ನಾಲ್ಕನೆಯದರಲ್ಲಿ ಒಂದು,
ಆರನೆಯದರಲ್ಲಿ ಮೂರೇ ಸಾಲು:
೨೮೦.
ಐದು ವರ್ಷಕ್ಕೊಮ್ಮೆ.
ಯಾರಿಂದ, ಯಾರಿಗೆ, ಎಷ್ಟು?

ಎಡಕ್ಕೆ ಗೆರೆ ಎಳೆದು ಎರಡು ಬೆರಳು ಜಾಗ ಬಿಟ್ಟಿದ್ದಾಳೆ.
ಅಲ್ಲಿ ಉತ್ತರವಿಲ್ಲ, ಪ್ರಶ್ನೆ ಮಾತ್ರ.
ಬಲಗಡೆಯದನ್ನು ಅಂಗೈಯಿಂದ ಮುಚ್ಚಬೇಕು,
ಎಡಗಡೆಯವಳು ಕೇಳುತ್ತಾಳೆ.
ಬಾಯಿ ತೆರೆಯದಿದ್ದರೆ ಓದಿದ್ದು ಸುಳ್ಳು.
ಒಂದೊಂದು ಮೂಲೆಯಲ್ಲಿ ಚಹಾ ಲೋಟದ ಉಂಗುರ,
ಪುಟ ತಿರುವಿದರೆ ಅದೇ ಉಂಗುರ, ಇನ್ನೂ ತೆಳ್ಳಗೆ.

ಕಲಿತೆ. ಪುಸ್ತಕ ಮುಚ್ಚಿ ಬರೆಯುವುದನ್ನು.
ನೆನಪಿದ್ದಷ್ಟು ಕರಿ ಮಸಿ, ಮರೆತದ್ದು ಕೆಂಪು.
ಮೊದಮೊದಲು ಪುಟವೆಲ್ಲ ಕೆಂಪು,
ಕುಂಕುಮದ ಭರಣಿ ಚೆಲ್ಲಿದ ಹಾಗೆ.
ಪಾಠ ಮರಾಠಿಯಲ್ಲಿ, ಕಲಮುಗಳು ಇಂಗ್ಲಿಷಿನಲ್ಲಿ,
ಅಂಚಿನ ಪ್ರಶ್ನೆ ಮಾತ್ರ ಕನ್ನಡದಲ್ಲಿ ಏಳುತ್ತದೆ,
ಅಕ್ಕಲಕೋಟೆ ತಾಲೂಕಿನ ಎರಡು ಕೋಣೆಯ ಸಾಲಿಯಲ್ಲಿ
ಮಗ್ಗಿ ಹೇಳಿದ ಬಾಯಿ ನೋಡಿ, ಬಿಡುವುದಿಲ್ಲ.
ಪಕ್ಕದ ಪ್ರಾಜಕ್ತಾ ಇಣುಕಿ ಕೇಳಿದಳು:
‘ಇದು ಯಾವ ಶಾರ್ಟ್‌ಹ್ಯಾಂಡ್?’
ಹೌದು ಅಂದುಬಿಟ್ಟೆ.

ನಿನ್ನೆ ನದಿಗಳ ಪಾಳಿ.
ಭೀಮಾ. ಉಗಮ ಭೀಮಾಶಂಕರ.
ಇಂದ್ರಾಯಣಿ, ಮುಳಾ-ಮುಠಾ, ನೀರಾ, ಸೀನಾ.
ಕೂಡುವುದು ಕೃಷ್ಣೆಗೆ.
ಇಷ್ಟೇ. ಒಂದು ಕಾರ್ಡಿನ ಅರ್ಧವೂ ತುಂಬಲಿಲ್ಲ.
ಮಾವನ ಪಂಪ್‌ಸೆಟ್ ತೇಲಿಹೋದ ರಾತ್ರಿ,
ಆ ದಂಡೆಯಿಂದ ಈ ದಂಡೆಗೆ ಕೂಗಿ ಕುದುರಿದ ನೆಂಟಸ್ತನ,
ಇವಕ್ಕೆಲ್ಲ ಮಾರ್ಕಿಲ್ಲ. ಬಿಡಬೇಕು.
ಏನು ಬಿಡಬೇಕೆಂದು ತಿಳಿಯುವುದೇ ನೋಟ್ಸು,
ಎಂದು ಯಾರೋ ಹೇಳಿದ್ದನ್ನೂ ಬರೆದುಕೊಂಡಿದ್ದೆ,
ಅದನ್ನು ಬಿಟ್ಟಿರಲಿಲ್ಲ.

ಆಗ ನೆನಪಾಯಿತು ಆ ಫುಕಟ್ ಹಾಳೆ.
ಅದೂ ಭೀಮೆಯದೇ. ಅವಳದೂ ಒಂದೇ ಸಾಲು.
ಅಂಚಿನಲ್ಲಿ, ಮರಾಠಿಯಲ್ಲಿ, ಓರೆಯಾಗಿ:
‘ಲಕಡಿ ಪುಲಿನ ಕೆಳಗಿನ ನೀರು
ನಮ್ಮೂರು ಮುಟ್ಟಲು ಎಷ್ಟು ದಿನ?’
ಬಲಗಡೆ ಖಾಲಿ.
ಆರು ವಹಿ ಮತ್ತೆ ತಿರುವಿ ನೋಡಿದೆ,
ಅವಳು ಉತ್ತರ ಬರೆಯದೆ ಬಿಟ್ಟದ್ದು ಅದೊಂದೇ.

ಮೆಸ್ಸಿನ ಡಬ್ಬಿ ಆರುತ್ತಿತ್ತು. ಅವ್ವಗೆ ಫೋನು ಹಚ್ಚಿದೆ.
ಉಂಡೆಯಾ ಅಂದಳು, ಉಂಡೆ ಅಂದೆ, ಕೇಳಿದೆ.
‘ಉಜನಿ ಬಿಟ್ಟರ ನಾಕು ದಿನ.
ಬಿಡಲಿಲ್ಲಂದ್ರ ಎಲ್ಲಿ ನೀರು, ಎಲ್ಲಿ ಊರು.
ಇದನ್ನೂ ಕೇಳ್ತಾರೇನ ಪರೀಕ್ಷಾದಾಗ?’

ಇಲ್ಲ ಅಂದೆ.
ಅವಳ ಹಾಳೆಯ ಬಲಗಡೆ, ಪೆನ್ಸಿಲಿನಲ್ಲಿ,
ಅವ್ವ ಹೇಳಿದ್ದನ್ನು ಹೇಳಿದ ಹಾಗೇ ಬರೆದೆ.
ಚಿಕ್ಕದು ಮಾಡಲು ಬರಲಿಲ್ಲ.

ಇನ್ನು ನಲವತ್ತೊಂದು ದಿನ.
೨೮೧.