ನಾಲ್ಕು

ಬೋರಾ ಗಾಳಿ ಬೀಸುವ ರಾತ್ರಿ ಟ್ರಿಯೆಸ್ಟೆಯಲ್ಲಿ
ಬೀದಿಗೆ ಹಗ್ಗ ಕಟ್ಟುತ್ತಾರೆ, ಮುದುಕರು ಹಿಡಿದು ನಡೆಯಲೆಂದು.
ವಿಮಾ ಕಂಪನಿಯ ನೆಲಮಾಳಿಗೆಯಲ್ಲಿ ನಮಗೆ
ಹಿಡಿಯಲು ಇದ್ದದ್ದು ಹಸಿರು ಅಕ್ಷರದ ಒಂದು ಸಾಲು:
ಮೊದಲು ಹೆಸರಿನಂಥ ನಾಲ್ಕಾರು ಅಕ್ಷರ, ಆಮೇಲೆ ಸಂಖ್ಯೆ,
ತುದಿಗೆ ಒಂಟಿ ಅಕ್ಷರ.

"ಹಿಂದಿನಿಂದ ಓದು," ಅಂದಿದ್ದಳು ನೆರೀನಾ ಮೊದಲ ದಿನವೇ,
ಕನ್ನಡಕ ಹಣೆಗೇರಿಸಿ.
"ಚೇಳಿನ ಹಾಗೆ ಇದು. ಇರುವುದೆಲ್ಲ ಬಾಲದಲ್ಲಿ."

ಬಾಲ ಐ ಆದರೆ ಬರೀ ಸುದ್ದಿ.
ಇಷ್ಟು ಸಾಲು ಓದಿದೆ, ಇಷ್ಟು ಬರೆದೆ, ಇಷ್ಟು ಹೊತ್ತಾಯಿತು ಎಂದು
ಮೀನುಕಟ್ಟೆಯಿಂದ ಮರಳಿದ ಸೋದರತ್ತೆ ಒಪ್ಪಿಸುವ ಲೆಕ್ಕ.
ಇ ಆದರೆ ಕೆಲಸ ಮುರಿದುಬಿದ್ದಿದೆ, ಯಾರನ್ನಾದರೂ ಎಬ್ಬಿಸು.
ಎ ಆದರೆ ಅದು ನಿನ್ನನ್ನೇ ಕಾಯುತ್ತಿದೆ, ಕಾಫಿ ಕೆಳಗಿಡು.

"ಡಬ್ಲ್ಯೂ?"
"ಅದನ್ನು ಯಾರೂ ಓದುವುದಿಲ್ಲ."

ಕೈಪಿಡಿ ಮೊಣಕಾಲಿನ ಮೇಲಿಟ್ಟರೆ ಕಾಲು ಜೋಮು ಹಿಡಿಯುವಷ್ಟು ದಪ್ಪ.
ಅದಕ್ಕೆ ಸಿಟ್ಟಿಲ್ಲ, ಸಮಾಧಾನವೂ ಇಲ್ಲ.
ಅರ್ಥ. ಯಂತ್ರ ಮಾಡಿದ್ದು. ನಿರ್ವಾಹಕರು ಮಾಡಬೇಕಾದ್ದು.
ಕೊನೆಯ ಕಲಮಿನಡಿ ಪುಟಪುಟಕ್ಕೂ ಒಂದೇ ಉತ್ತರ:
ಏನೂ ಇಲ್ಲ.

ಗುಡ್ಡದ ಮೇಲಿನ ಸಹಕಾರಿ ಸಂಘವೊಂದರ ಹಳೆ ಪಾಲಿಸಿಗಳನ್ನು
ನಮ್ಮ ಕೋಷ್ಟಕಕ್ಕೆ ಸುರಿಯುತ್ತಿದ್ದೆವು ಅವತ್ತು.
ಎರಡು ನಲವತ್ತಕ್ಕೆ ಮುಗಿಯಿತು.
ಮರಳು ಸಂಖ್ಯೆ: ನಾಲ್ಕು.
ಸೊನ್ನೆಯಲ್ಲ, ಎಂಟೂ ಅಲ್ಲ.
"ನಾಲ್ಕು ಅಂದರೆ ಪಾಸು," ಅನ್ನುತ್ತಾನೆ ಹಗಲು ಪಾಳಿಯ ದುಯೀಲ್ಯೊ.
ಮುಂದಿನ ಕೆಲಸದ ಹೊಸ್ತಿಲಲ್ಲೂ ಅದನ್ನೇ ಬರೆದಿಟ್ಟಿದೆ:
ನಾಲ್ಕರವರೆಗೆ ಒಳಗೆ ಬಿಡು.

ನೆರೀನಾ ಬಿಡಲಿಲ್ಲ.
ಪುಟ ಹಿಂದೆ, ಇನ್ನೂ ಹಿಂದೆ, ಸುದ್ದಿಗಳ ರಾಶಿಯೊಳಗೆ
ಡಬ್ಲ್ಯೂ ಬಾಲದ ಒಂದು ಸಾಲು:
ಈ ಅಕ್ಷರ ಇಲ್ಲಿಲ್ಲ; ಬದಲಿ ಅಕ್ಷರ ಇಡಲಾಗಿದೆ; ಕೆಲಸ ಮುಂದುವರಿದಿದೆ.

ತೆರೆದು ನೋಡಿದೆವು.
ಸ್ಲಾವ್ಕಾ ಜಿದಾರಿ, ಆಮೇಲೊಂದು ಖಾಲಿ ಚೌಕ.
ಅಲ್ಲಿ ಇರಬೇಕಾದ್ದು ತಲಕಟ್ಟಿನ ಒಂದು ಸಿ,
ಮಗು ಗೀಚಿದ ಹಾರುಹಕ್ಕಿಯಂಥ ತಲಕಟ್ಟು.
ಕಾರ್ಸೊ ಗುಡ್ಡದ ಗೋರಿಕಲ್ಲುಗಳ ಮೇಲೆ ಹಿಂಡು ಹಿಂಡಾಗಿ ಕೂತಿದೆ ಆ ಹಕ್ಕಿ.
ನಮ್ಮ ಕೋಷ್ಟಕದ ಇನ್ನೂರೈವತ್ತಾರು ಮನೆಗಳಲ್ಲಿ
ಅದಕ್ಕೊಂದು ಮನೆಯಿಲ್ಲ.

"ನನ್ನಜ್ಜನ ಹೆಸರಿನ ತುದಿಯಲ್ಲೂ ಇತ್ತು," ಅಂದಳು, ಪರದೆಯಿಂದ ಕಣ್ಣು ಕೀಳದೆ.
"ಇಪ್ಪತ್ತೊಂಬತ್ತರಲ್ಲಿ ಗುಮಾಸ್ತನೊಬ್ಬ ಕಾಗದ ತಂದ.
ಅಕ್ಷರ ಕಿತ್ತು, ಇಟಲಿಯದೊಂದು ಇಟ್ಟು, ಮೊಹರೊತ್ತಿ,
ನೀವು ಮಾಡಬೇಕಾದ್ದು ಏನೂ ಇಲ್ಲ, ಸಹಿ ಅಷ್ಟೆ, ಅಂದನಂತೆ.
ಆಮೇಲೆ ನಲವತ್ತು ವರ್ಷ,
ಆ ಹೆಸರಿಗೆ ಕೂಗಿದರೆ ಅಜ್ಜ
ಅರ್ಧ ಕ್ಷಣ ತಡವಾಗಿ ತಿರುಗುತ್ತಿದ್ದ."

ನಾನು ಏನೂ ಹೇಳಲಿಲ್ಲ.
ಮೇಲೆ ಗಾಳಿ ಯಾರದೋ ಸ್ಕೂಟರನ್ನು ಕೆಡವಿತು.

ಎಣಿಸಿದರೆ ಅಂಥ ಸಾಲು ಸಾವಿರದ ಮುನ್ನೂರು ಚಿಲ್ಲರೆ.
ಮ್ಯಾನೇಜರನನ್ನು ಎಬ್ಬಿಸಿದಳು.
ಎರರ್ ಇದೆಯಾ? ಇಲ್ಲ.
ಮತ್ತೆ ಯಾಕೆ ಫೋನು? "ಎಚ್ಚರಿಕೆ ಇದೆ."
ಆ ಕಡೆ ಬಹಳ ಹೊತ್ತು ಉಸಿರು ಮಾತ್ರ.

ಸುರಿದದ್ದನ್ನೆಲ್ಲ ಬಳಿದು ತೆಗೆದೆವು.
ಕೋಷ್ಟಕಕ್ಕೆ ದೊಡ್ಡ ಅಕ್ಷರಮಾಲೆ ಕೊಟ್ಟು ಮತ್ತೆ ಸುರಿದೆವು.
ಆರು ಹತ್ತಕ್ಕೆ ಮುಗಿಯಿತು. ಮರಳು ಸಂಖ್ಯೆ:
ನಾಲ್ಕು.

ನನ್ನೆದೆ ಧಸಕ್ಕೆಂದಿತು.
ಅವಳು ಸಾಲು ಓದಿ ನಕ್ಕಳು. ಇದು ಬೇರೆ ನಾಲ್ಕು:
ಹೊಸದಾಗಿ ತುಂಬಿದ್ದಕ್ಕೆ ಇನ್ನೂ ಪ್ರತಿ ಇಲ್ಲ,
ಪ್ರತಿ ಎತ್ತಿಡುವವರೆಗೆ ಯಾರೂ ಇದರೊಳಗೆ ತಿದ್ದುವಂತಿಲ್ಲ.
"ಇಷ್ಟು ಎಚ್ಚರ ಆ ಗುಮಾಸ್ತನಿಗೆ ಇರಲಿಲ್ಲ," ಎಂದು
ಪ್ರತಿ ತೆಗೆವ ಕೆಲಸ ಹೂಡಿ, ಕೋಟಿನ ಗುಂಡಿ ಹಾಕಿ
ಹಗ್ಗ ಹಿಡಿದು ಮನೆಗೆ ಹೋದಳು.

ನಾನೊಬ್ಬನೇ ಆ ಸಾಲನ್ನು ಇನ್ನೊಮ್ಮೆ ತೆರೆದೆ.
ಸ್ಲಾವ್ಕಾ ಜಿದಾರಿಚ್, ತಲಕಟ್ಟು ಸಮೇತ.
ಪಾಲಿಸಿ ಮುಗಿದದ್ದು ಎಪ್ಪತ್ತೊಂದರಲ್ಲಿ.
ವಾರಸುದಾರರು: ಇಲ್ಲ.
ಬಾಕಿ: ಏನೂ ಇಲ್ಲ.