ಅರ್ಧ ಹೆಸರು

ಟಿಕೆಟ್ಟಿನ ಹಿಂದೆ ಅಚ್ಚಾದ ನಕ್ಷೆಯಲ್ಲಿ
ಆ ಶಿಖರದ ಹೆಸರು ಎನ್ನೊ.
ತಲೆ ತುಸು ಎಡಕ್ಕೆ ವಾಲಿದೆ,
ಯಾರೋ ಕರೆದದ್ದು ಸರಿಯಾಗಿ ಕೇಳಿಸಲಿಲ್ಲವೆಂಬಂತೆ.
ನಾರ್ವೆಯ ಈ ಪಡುಗಡಲ ದಂಡೆಯಲ್ಲಿ
ಎನ್ನೊ ಅಂದರೆ ಇನ್ನೂ.
ಹೌದು, ನಮ್ಮದೇ ಇನ್ನೂ. ಎಲ್ಲಿಂದೆಲ್ಲಿಗೆ!
ನಾನು ನಕ್ಕೆ. ರಗ್ನಾ ನಗಲಿಲ್ಲ.
ಚುಕ್ಕಾಣಿಯ ಮೇಲೆ ಒಂದು ಕೈ, ಇನ್ನೊಂದರಲ್ಲಿ ಕಾಫಿ.
ಅದು ಅರ್ಧ ಹೆಸರು, ಅಂದಳು.

ಅವಳ ಮುತ್ತಜ್ಜನ ಅಪ್ಪ ಏಲರ್ಟ್
ಏಳು ವರ್ಷಕ್ಕೇ ಕಾಡ್ ಮೀನಿಗೆ ಹೋದವನು,
ಆರು ಹುಟ್ಟಿನ ದೋಣಿಯ ತಳದಲ್ಲಿ
ಒದ್ದೆ ಉಣ್ಣೆಯ ಗಂಟಾಗಿ ಬಿದ್ದಿದ್ದವನು
ಮೂರನೆಯ ಬೆಳಗ್ಗೆ ತಲೆಯೆತ್ತಿದ.
ಮನೆ ಬಂತಾ ಅಪ್ಪಾ?
ಎನ್ನೊ ಇಕ್ಯೆ. ಇನ್ನೂ ಇಲ್ಲ.
ಅಲೆ ಇಳಿಯಿತು, ಶಿಖರ ಮುಳುಗಿತು.
ಅಲೆ ಏರಿತು.
ಈಗ?
ಇನ್ನೂ ಇಲ್ಲ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ, ಇರಲಿ;
ಇದು ದೂರವಿದ್ದೂ ಹತ್ತಿರವೆನ್ನುವ ಠಕ್ಕ ಬೆಟ್ಟ.
ಇದರಾಚೆ ಇನ್ನೂ ಎರಡು ಕಡಲತೋಳು ದಾಟಿದರೆ ಮನೆ.
ಬಂದೆವೆಂದು ಹುಟ್ಟು ಒಳಗೆಳೆದುಕೊಂಡವರು
ಬುಡದ ಮುಳುಗುಬಂಡೆಗಳಲ್ಲೇ ಇದ್ದಾರೆ,
ನಾಲ್ಕು ದೋಣಿಯವರು, ಉಪ್ಪಿನ ಪೀಪಾಯಿ ಸಮೇತ.
ಅದಕ್ಕೇ ಈ ಮಾತನ್ನು
ಹಲ್ಲು ಮೂಡುವ ಮೊದಲೇ ಮಕ್ಕಳ ಬಾಯಿಗಿಟ್ಟರು.

ಇದು ಗಂಡಸರ ಕತೆ.

ಗುಡ್‌ವೈಗ್ ಹೇಳಿದ್ದು ಬೇರೆ.
ಮೀನು ಒಣಗುವ ಅಟ್ಟಣೆಯ ಕೆಳಗೆ ನಿಂತು
ಕೈಗವಸು ಹೆಣೆಯುತ್ತಿದ್ದಳು, ಹೆಬ್ಬೆರಳೊಂದು ಬಾಕಿ.
ಕಂಡರಾ? ಎಂದು ಕೂಗುತ್ತಿದ್ದಳು.
ಆ ಕೂಗು ಹೊಲದಿಂದ ಹೊಲಕ್ಕೆ, ಹುಡುಗನಿಂದ ಹುಡುಗನಿಗೆ ದಾಟಿ
ಶಿಖರದ ಹೆಗಲ ಮೇಲಿನ ಕಾವಲಿನವನನ್ನು ಮುಟ್ಟುತ್ತಿತ್ತು.
ಉತ್ತರ ಬರುವಾಗ ಗಾಳಿ ತನ್ನ ಸುಂಕ ವಸೂಲು ಮಾಡುತ್ತಿತ್ತು.
ಇವಳ ಕಿವಿಗೆ ಬೀಳುತ್ತಿದ್ದದ್ದು ಎನ್ನೊ, ಅಷ್ಟೇ.
ಇಲ್ಲ ಅನ್ನುವುದು ಯಾವುದೋ ಓಟ್ಸ್ ಹೊಲದಲ್ಲಿ ಉದುರಿಹೋಗಿರುತ್ತಿತ್ತು.
ಅಷ್ಟರಲ್ಲೇ ಅವಳು ಹನ್ನೊಂದು ಚಳಿಗಾಲ ಕಳೆದಳು.
ಹೆಬ್ಬೆರಳು ಬಾಕಿಯೇ ಉಳಿಯಿತು.

ಆಮೇಲೆ ಸರ್ವೆಯವನು ಬಂದ,
ಮುಕ್ಕಾಲಿ, ಹಿತ್ತಾಳೆ ದುರ್ಬೀನು, ಶೀತದ ಮೂಗು.
ಅದಕ್ಕೇನನ್ನುತ್ತೀರಿ?
ಅವಳು ಪೂರ್ತಿ ಹೇಳಿದಳೋ,
ಗಾಳಿ ತನಗೆ ಹೇಳಿದಷ್ಟನ್ನೇ ಹೇಳಿದಳೋ.
ಅವನ ಹಾಳೆಯಲ್ಲಿ ನೆಲ ಅಷ್ಟಕ್ಕೇ ಮುಗಿದಿತ್ತು.
ಆಚೆಗೆ ನೀಲಿ; ನೀಲಿಯಲ್ಲಿ ಯಾರೂ ಬರೆಯುವುದಿಲ್ಲ.

ಶಿಖರ ಈಗ ನೆತ್ತಿಯ ಮೇಲೇ ಬಂದಂತಿತ್ತು.
ಎದ್ದೆ, ಚೀಲ ಹೆಗಲಿಗೇರಿಸಿದೆ.
ರಗ್ನಾ ಹಿಂದಿರುಗಿ ನೋಡದೆ ಹೆಸರು ಹೇಳಿದಳು,
ಈ ಸಲ ಪೂರ್ತಿ.